ಇನ್ಸ್‌ಪೆಕ್ಷನ್ ದಿನದ ರೋಗಿ

ರಿಪ್ಪನ್‌ಪೇಟೆ ಬಸ್ಸಿಳಿದು ಸೀದಾ ಇಲ್ಲಿಗೇ ಬಂದಿದ್ದೀಯ,
ಬ್ಯಾಗಿನ ತುಂಬ ಬಣ್ಣದ ಕರಪತ್ರ.
ಕೂತುಕೋ. ನೈಟ್ ಡ್ಯೂಟಿ ಮುಗಿಸಿ ಈಗಷ್ಟೇ ಬಂದೆ,
ಕಾಲು ಬಾತಿದೆ. ಚಾ ಬಿಸಿ ಇದೆ.

ಚಂದ ಇದೆ ಫೋಟೊ.
ಬಿಳಿ ಟೊಪ್ಪಿ, ಬಿಳಿ ಹಲ್ಲು, ಹಿಂದೆ ಮೂರಂತಸ್ತಿನ ಕಟ್ಟಡ.
ನನ್ನ ಕಾಲದ ಕರಪತ್ರದಲ್ಲೂ ಇವಳೇ ನಗುತ್ತಿದ್ದಳು ಮಾರಾಯ್ತಿ,
ಹನ್ನೊಂದು ವರ್ಷವಾದರೂ
ಒಂದು ಕೂದಲು ನರೆತಿಲ್ಲ.

ನಮ್ಮ ಕಾಲೇಜು ಇದ್ದದ್ದು ಬಿ.ಎಚ್. ರೋಡಿನ ಒಳಗಡೆ,
ಟೈರ್ ಅಂಗಡಿಯ ಮೇಲೆ.
ಪಾಠದ ನಡುವೆ ಕೆಳಗೆ ಬುಸ್ಸಂತ ಗಾಳಿ ಬಿಡುವ ಸದ್ದು.
‘ಇದೇ ಕಣೇ ಶ್ವಾಸಕೋಶ’ ಅಂತ ಮುಬೀನಾ ಪಿಸುಗುಟ್ಟುವಳು.
ಇದ್ದದ್ದೊಂದು ಬೊಂಬೆ. ಅದಕ್ಕೆ ಎಡಗೈ ಇಲ್ಲ.
ಮೂವತ್ತೆರಡು ಹುಡುಗಿಯರು ಸರದಿಯಲ್ಲಿ ನಿಂತು
ಬಲಗೈಗೇ ಚುಚ್ಚಿದೆವು ಮೂರು ವರ್ಷ.
ಮಿಕ್ಕಿದ್ದು ಕಿತ್ತಳೆ ಹಣ್ಣಿಗೆ.
ಹಣ್ಣು ಕೈ ಎಳೆದುಕೊಳ್ಳುವುದಿಲ್ಲ.

ಎರಡನೇ ವರ್ಷ ಒಂದು ದಿನ
ನಾಳೆ ಇನ್ಸ್‌ಪೆಕ್ಷನ್ ಅಂದರು.
ರಾತ್ರೋರಾತ್ರಿ ಲಾರಿಯಲ್ಲಿ ಹದಿನಾರು ಮಂಚ ಬಂದವು,
ಯಾವುದೋ ಕಲ್ಯಾಣಮಂಟಪದ್ದು,
ಹಾಸಿಗೆಯ ಮಡಿಕೆಯಲ್ಲಿ ಇನ್ನೂ ಅಕ್ಷತೆ.
ಹದಿನಾರು ಮಂದಿ ನರ್ಸು, ಹದಿನಾರು ಮಂದಿ ರೋಗಿ.
ಚೀಟಿ ಎತ್ತಿಸಿ ಕಾಯಿಲೆ ಹಂಚಿದರು.
ಮುಬೀನಾಗೆ ಅಪೆಂಡಿಕ್ಸು,
ನನಗೆ ಟೈಫಾಯ್ಡು.

ಕುತ್ತಿಗೆಯವರೆಗೆ ಹೊದ್ದು ಮಲಗಿದ್ದೆ.
ಬಂದವರಲ್ಲಿ ಒಬ್ಬರು ವಯಸ್ಸಾದ ಹೆಂಗಸು,
ಚಾರ್ಟು ನೋಡಿದರು, ಮುಖ ನೋಡಿದರು,
‘ಎಷ್ಟು ದಿನದಿಂದಮ್ಮ ಜ್ವರ?’
ನಾಲ್ಕು, ಅಂದೆ.
ಹಣೆಯ ಮೇಲೆ ಅಂಗೈ ಇಟ್ಟರು.
ತಣ್ಣಗೆ ಬಾವಿಕಟ್ಟೆಯ ಹಾಗಿತ್ತು ನನ್ನ ಹಣೆ.
ಆದರೂ ಕೈ ತೆಗೆಯಲಿಲ್ಲ ಅವರು,
ಏನೋ ಹೇಳುತ್ತೇನೆಂದು ಕಾದ ಹಾಗೆ.
ನಾನು ಹೇಳಲಿಲ್ಲ.
ಅವ್ವನ ಬೆಂಡೋಲೆ ಆಗಲೇ ಫೀಸಾಗಿತ್ತು.

ಆ ವರ್ಷವೇ ಮಾನ್ಯತೆ ಹೋಗಿತ್ತಂತೆ.
ನಮಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ,
ಸರ್ಟಿಫಿಕೇಟು ಹಿಡಿದು
ಕೌನ್ಸಿಲ್ಲಿನ ಕಿಟಕಿಯೆದುರು ನಿಂತಾಗ.
ಒಳಗಿದ್ದವಳು ಬೈಯಲಿಲ್ಲ, ಪಟ್ಟಿ ತಿರುಗಿಸಿ ತೋರಿಸಿದಳು,
ತನ್ನ ನೀರಿನ ಬಾಟಲಿಯನ್ನು ಈಚೆಗೆ ಸರಿಸಿದಳು.
ಆಮೇಲೆ ಮುಬೀನಾ ಭದ್ರಾವತಿಯಲ್ಲಿ ಬಟ್ಟೆ ಅಂಗಡಿ ಸೇರಿದಳು.
ನಾನು ದುರ್ಗಿಗುಡಿಯ ಈ ನರ್ಸಿಂಗ್ ಹೋಮು.

ಸಂಬಳದ ಪುಸ್ತಕದಲ್ಲಿ ನಾನು ‘ಸಹಾಯಕಿ’.
ರಾತ್ರಿ ಎರಡು ಗಂಟೆಗೆ ನರಳುವವರಿಗೆ
ಅದೆಲ್ಲ ಬೇಕಿಲ್ಲ, ಸಿಸ್ಟರ್ ಅಂತಲೇ ಕರೆಯುತ್ತಾರೆ.
ಅದೇ ನನಗೆ ಹೆದರಿಕೆ.

ಸೇರಿದ ಹೊಸತರಲ್ಲಿ ಒಬ್ಬ ಮುದುಕ,
ಕೋಣಂದೂರಿನ ಕಡೆಯವನು, ಬಲಗೈಗೆ ಪ್ಲಾಸ್ಟರು.
ಎಡಗೈಯಲ್ಲೇ ನರ ಹುಡುಕಬೇಕು.
ಒಂದು ಸಲ, ಎರಡು ಸಲ, ಮೂರು.
ಚರ್ಮದಡಿ ನೀಲಿ ಉಬ್ಬಿತು.
‘ಇರಲಿ ತಂಗಿ, ನಿಧಾನ,’ ಅಂದ.
ಅವನು ಬೈದಿದ್ದರೆ ಒಳ್ಳೆಯದಿತ್ತು.
ಫಿಲೋಮಿನಾ ಸಿಸ್ಟರ್ ಬಂದು, ಲೈಟೂ ಹಾಕದೆ,
ಎರಡು ಬೆರಳಲ್ಲಿ ತಡವಿ, ಒಂದೇ ಸಲಕ್ಕೆ ಹಿಡಿದರು.
ಅವರಿಗೆ ಯಾರೋ ಎದುರು ನಿಂತು
ನೂರು ಎಡಗೈ ಕಲಿಸಿದ್ದರು.

ಈಗ ನನಗೂ ಬರುತ್ತದೆ.
ಯಾರ್ಯಾರ ತೊಗಲ ಮೇಲೆ ಕಲಿತೆ ಅಂತ
ಕೇಳಬೇಡ.

ಆ ಕರಪತ್ರ ತಿರುಗಿಸು, ಹಿಂದೆ ಖಾಲಿ ಇದೆ, ಬರೆದುಕೋ.
ಈ ವರ್ಷದ ಪಟ್ಟಿ. ಹೋದ ವರ್ಷದ್ದಲ್ಲ, ಈ ವರ್ಷದ್ದು.
ಫ್ರೇಮು ಹಾಕಿದ ಪ್ರಮಾಣಪತ್ರ ತೋರಿಸಿದರೆ ತಾರೀಖು ಓದು.
ಹೇಳದೆ ಕೇಳದೆ ಒಂದು ಮಂಗಳವಾರ ಹೋಗು,
ಮೂರನೇ ವರ್ಷದವಳನ್ನು ಕ್ಯಾಂಟೀನಿನಲ್ಲಿ ಹಿಡಿದು
ಹೆರಿಗೆ ಎಷ್ಟು ನೋಡಿದ್ದೀಯ, ಯಾವ ಆಸ್ಪತ್ರೆಯಲ್ಲಿ, ಕೇಳು.
ಬೊಂಬೆಗೆ ಕೈ ಎಷ್ಟು, ಎಣಿಸು.
ಸೀಟು ಈ ವಾರವೇ ಮುಗಿಯುತ್ತದೆ ಅಂತ ಹೆದರಿಸಿದರಾ?
ನಮಗೂ ಹಾಗೇ ಅಂದಿದ್ದರು.
ಪ್ರತೀಕ್ಷಾ ಅಂತ ಹೆಸರಿಟ್ಟುಕೊಂಡು
ಒಂದು ವರ್ಷ ಕಾಯಲಿಕ್ಕೆ ಎಂತ ನಿಂಗೆ?

ಚಾ ಆರಿಹೋಯಿತು ನೋಡು. ಇರಲಿ.
ಎಡಗೈ ಕೊಡು ಇಲ್ಲಿ.
ಒತ್ತಬೇಡ, ಬೆರಳು ಸುಮ್ಮನೆ ಇಡು,
ಕಣ್ಣು ಮುಚ್ಚು ಬೇಕಾದರೆ.
ಒಳಗೆ ಮೆತ್ತಗೆ ಪುಟಿಯುತ್ತದೆ,
ಸಿಕ್ತಾ?