ಈಗ ಪ್ರದರ್ಶನದಲ್ಲಿಲ್ಲ

ಬುಧವಾರಕ್ಕೊಮ್ಮೆ ಬರುತ್ತಾನೆ ಕಾಳಪ್ಪ ಬಡಿಗೇರ
ಬೆಟಗೇರಿಯ ನನ್ನ ಝೆರಾಕ್ಸ್ ಅಂಗಡಿಗೆ.
ಚಪ್ಪಲಿ ಹೊರಗೆ ಬಿಡುತ್ತಾನೆ,
ಇದಿನ್ನೂ ತಾನು ಅಚ್ಚು ಕೆತ್ತುತ್ತಿದ್ದ ಛಾಪಖಾನೆಯೇ ಎಂಬಂತೆ.
'ಹಚ್ಚ್ಯಾರೇನು ಇವತ್ತರ?'

ಹಚ್ಚಿಲ್ಲಜ್ಜ.
ಪರದೆಯ ಮೇಲೆ ಅದೇ ಸಾಲು:
ಈ ಕೃತಿ ಈಗ ಪ್ರದರ್ಶನದಲ್ಲಿಲ್ಲ.

ಜಪಾನಿನ ಯಾವನೋ ಬರೆದ ದೋಣಿಕಟ್ಟೆ,
ಯಾವುದೋ ಸಮುದ್ರದಾಚೆ ಮ್ಯೂಸಿಯಮ್ಮಿನ ಕತ್ತಲ ಖಾನೆಯಲ್ಲಿ.
ಇಬ್ಬರು ನಿಂತಿದ್ದಾರೆ, ಒಂದೇ ಕೊಡೆ,
ದೋಣಿ ಇನ್ನೂ ಬಂದಿಲ್ಲ.
ಮದುವೆ ಕಾರ್ಡಿಗೆ ಡಿಸೈನು ಹುಡುಕುವಾಗ ಸಿಕ್ಕಿದ್ದು.
ನಾನು ಮಳೆ ಕಂಡೆ.
ಅವನು ಕಟ್ಟಿಗೆ ಕಂಡ.

'ಮಳಿ ಕೆತ್ತ್ಯಾನಂತ ತಿಳಕೊಂಡೇನ ಹುಚ್ಚಿ?
ಮಳಿ ಬಿಟ್ಟಾನ. ನಡುವಿಂದಷ್ಟ ತಗದಾನ.
ಒಂದ ಗೆರಿ ಮುರೀತಂದ್ರ ಹಲಗಿ ಒಲಿಗೆ.'

ದೊಡ್ಡದು ಮಾಡೆಂದ. ಮಾಡಿದೆ.
ಇನ್ನೂ. ಕಾಗದದ ನಾರು ಕಾಣುವವರೆಗೆ.
ಕೊಡೆಯ ಕೆಂಪು ತನ್ನ ಗೆರೆ ಬಿಟ್ಟು
ಕೂದಲೆಳೆಯಷ್ಟು ಆಚೆ ಸರಿದಿತ್ತು.
ಅಲ್ಲಿ ಬೆರಳಿಟ್ಟ. ಚಿತ್ರ ಜಾರಿ
ಯಾರದೋ ಹೂದಾನಿ ಬಂತು. ಬೈದ. ವಾಪಸು ತಂದೆ.
'ನೋಡಿಲ್ಲೆ, ಕೈ ತಪ್ಪೇತಿ.
ಅವತ್ತ ಅವಂಗ ಜ್ವರ ಇದ್ದಿರಬೇಕು,
ಇಲ್ಲಾ ಮಾಲಕ ಪಗಾರ ಕೊಟ್ಟಿದ್ದಿಲ್ಲ.'

ಕೆಳಗೆ ಚಿತ್ರಕಾರನ ಹೆಸರಿದೆ. ದಾನ ಕೊಟ್ಟವರದೂ ಇದೆ,
ಉದ್ದ, ಅಗಲ, ಕಾಗದದ ಜಾತಿ.
ಕೆತ್ತಿದವನು?
ತಳ ಮುಟ್ಟುವವರೆಗೆ ಹುಡುಕಿದೆ.
ಕಾಳಪ್ಪ ನಕ್ಕ, ತಂಬಾಕು ಒಂದು ಕಡೆಗೆ ಸರಿಸಿ.

ನಲವತ್ತು ವರ್ಷ ಅವನು ಕೆತ್ತಿದ್ದು
ಸೀರೆ ಪೆಟ್ಟಿಗೆಯ ನವಿಲು, ಬೀಡಿ ಕಟ್ಟಿನ ಹುಲಿ,
ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲಿಗೆ
ನಾಯಕಿಯ ಮೂಗುತಿ, ಅದೂ ಬಲಮೂಗಿಗೆ,
ಅಚ್ಚಾದಾಗ ಎಡಕ್ಕೆ ಬರಲೆಂದು.
ನವಿಲು ಎಲ್ಲಿ ಹೋಯಿತೋ.
ಹುಲಿ ನನ್ನ ಅಂಗಡಿಯಲ್ಲೇ ಇದೆ,
ಗಾಳಿಗೆ ಬಾಗಿಲು ಬಡಿಯದಂತೆ ಒತ್ತು ಕೊಟ್ಟು.

ಇವತ್ತು ಪೂರ್ತಿ ಓದಿ ಹೇಳಿದೆ:
ಬೆಳಕಿಗೆ ಆ ಬಣ್ಣ ಬಿಳಚುತ್ತದಂತೆ ಅಜ್ಜ,
ಮೂರು ತಿಂಗಳು ಗೋಡೆಗಿಟ್ಟರೆ
ಮತ್ತೆ ವರ್ಷಗಟ್ಟಲೆ ಕತ್ತಲಲ್ಲಿ.
ಸುಮ್ಮನೆ ಕೂತ.
ಕೌಂಟರಿನ ಆಚೆ ಯಾರೋ ಆಧಾರ್ ಕಾರ್ಡು ಹಿಡಿದು ಕಾಯುತ್ತಿದ್ದರು.
ಬಿಸಿಲು ಹೊಸ್ತಿಲು ದಾಟಿ
ಹುಲಿಯ ಬಾಲದವರೆಗೆ ಬಂದಿತ್ತು.

'ಹಂಗಾರ ಮಲಗಲಿ ಬಿಡು.'

ಹೋಗುವಾಗ ಬಗ್ಗಿ, ಎರಡೂ ಕೈಯಿಂದ
ಹಲಗೆಯನ್ನು ಗೇಣಗಲ ನೆರಳಿಗೆ ಸರಿಸಿದ.
ಚಪ್ಪಲಿ ಮೆಟ್ಟಿದ.
ಅವನು ತಿರುವು ದಾಟುವ ಹೊತ್ತಿಗೆ
ಬಾಗಿಲು ಧಡ್ಡನೆ ಬಡಿಯಿತು.