ಉದುರು ಹಿಟ್ಟು

ಮುಳಗುಂದ ನಾಕಾದ ಹತ್ರ ನನ್ನ ವೈಂಡಿಂಗ್ ಅಂಗಡಿ.
ಮೂವತ್ತೊಂದು ವರ್ಷ
ಸುಟ್ಟ ಪಂಪಿನ ಹೊಟ್ಟಿ ಬಿಚ್ಚಿ, ಕರಕಾದ ತಂತಿ ಕಿತ್ತು,
ಹೊಸಾ ತಾಮ್ರ ಸುತ್ತಿದ ಕೈ ಇವು.
ವಾರ್ನಿಶ್ ವಾಸನಿ ಊಟದಾಗೂ ಬರತೈತಿ.

ಫಕ್ಕೀರವ್ವ ಸೈಕಲ್ಲಿಗೆ ಸ್ಟ್ಯಾಂಡ್ ಹಚ್ಚಿದ್ಲು.
ಹಿಂದ ಕಬ್ಬಿಣದ ಕ್ಯಾರಿಯರ್, ಅದರ ಮ್ಯಾಲೆ ಬುಟ್ಟಿ,
ಬುಟ್ಟಿಗೆ ಬಿಳೇ ಅರಿವಿ.
“ಖಾಸೀಮಣ್ಣ, ಇದಕ್ಕೊಂದು ಮೋಟಾರ್ ಕೂಡಸು.”

ದಿನಕ್ಕ ಎಷ್ಟು ದೂರ ಅಂತ ಕೇಳಿದೆ.
ಆಕಿ ಕಿಲೋಮೀಟರ್ ಹೇಳಲಿಲ್ಲ, ಮನಿ ಹೇಳಿದ್ಲು:
ಬೆಟಗೇರಿ ಮಗ್ಗದ ಓಣಿ, ಟಾಂಗಾ ಕೂಟದ ಎರಡು ಖಾನಾವಳಿ,
ಕಾಲೇಜ್ ಹುಡುಗರ ರೂಮು ಏಳು,
ಹಾತಲಗೇರಿ ನಾಕಾದ ನರ್ಸಬಾಯಿ,
ಒಬ್ಬ ಸಾಲಿ ಮಾಸ್ತರು,
“ಅವರು ಎರಡ ತಗೋತಾರ, ಆದ್ರ ಒಂದಿನಾ ತಪ್ಪಸೂದಿಲ್ಲ.”
ಮುಂಜಾನಿಗೊಮ್ಮೆ, ಸಂಜಿಗೊಮ್ಮೆ.
ಬಟ್ಟು ಮಡಚಿ ಎಣಿಸಿದೆ, ಇಪ್ಪತ್ತಾರು ಕಿಲೋಮೀಟರ್.
ಭಾರ ಎಷ್ಟು?
“ಹೋಗೂವಾಗೋ, ಬರೂವಾಗೋ?”

ಸೀಸದ ಬ್ಯಾಟರಿ ತೋರಿಸಿದೆ. ಅಗ್ಗ.
ಎತ್ತಿ ನೋಡಿ ಕೆಳಗಿಟ್ಲು:
“ಇದು ರೊಟ್ಟಿ ಹೊರೂದಿಲ್ಲಣ್ಣ, ತನ್ನ ತಾನ ಹೊರತೈತಿ.”
ಲಿಥಿಯಂದಾಗ ಎರಡು ಜಾತಿ ಅಂದೆ.
ಒಂದು ಹಗುರ, ಸಿಟ್ಟಿನದು,
ಬಿಸಲಾಗ ನಿಂದರಿಸಿದ್ರ ಅದರ ಮ್ಯಾಲೊಂದು ಕಣ್ಣಿರಬೇಕು.
ಇನ್ನೊಂದು ಕಬ್ಬಿಣ ಕೂಡಿದ್ದು, ತುಸು ದಪ್ಪ, ರೊಕ್ಕಾನೂ ತುಸು ಹೆಚ್ಚು,
ಗದಗಿನ ಏಪ್ರಿಲ್ ತಡಕೋತೈತಿ.
“ಒಲಿ ಮುಂದ ಕೂಡಾಕಿ ನಾನು,” ಅಂದ್ಲು,
“ತಡಕೊಳ್ಳೂದನ್ನ ಕೊಡು.”

ಗ್ವಾಡಿ ಮ್ಯಾಲೆ ಸೀಮೆಸುಣ್ಣದಾಗ ಬರೆದೆ:
ಮೂವತ್ತಾರು ವೋಲ್ಟ್, ಹದಿಮೂರು ಆಂಪಿಯರ್ ಅವರ್,
ಗುಣಿಸಿದ್ರ ನಾನೂರಾ ಅರವತ್ತೆಂಟು.
ಕಿಲೋಮೀಟರಿಗೆ ಹನ್ನೆರಡು ತಿಂದ್ರ
ಮೂವತ್ತೊಂಬತ್ತು ಓಡಬೇಕು.

ಆಕಿ ನಕ್ಲು.
“ಸೇರು ಹಿಟ್ಟಿಗೆ ಇಪ್ಪತ್ತು ರೊಟ್ಟಿ ಅಂತ
ನಮ್ಮತ್ತಿನೂ ಗ್ವಾಡಿ ಮ್ಯಾಲೆ ಗೆರಿ ಎಳದಿದ್ಲು.
ಬಡಿಯೂ ಕಲ್ಲಿಗೆ ಉದುರೂದು ಒಂದೀಟು, ಕೈಗೆ ಹತ್ತೂದು ಒಂದೀಟು,
ಹಂಚಿನ ಮ್ಯಾಲೆ ಹರದದ್ದೊಂದು,
ಬಾಗಲದಾಗ ನಿಂತ ಕೂಸಿಗೊಂದು.
ಹದಿನಾರು ಅಂತ ಹಿಡಿ.”

ಮೂವತ್ತೊಂಬತ್ತು ಅಳಿಸಿ ಮೂವತ್ತೊಂದು ಬರೆದೆ.
ಕಂಪನಿ ಹಾಳ್ಯಾಗ ಈ ಉದುರು ಹಿಟ್ಟು ಇರಲಿಲ್ಲ.

ಉಳದದ್ದು ಮೋಟಾರು.
ಗಿಯರ್ ಇಲ್ಲದ್ದು ದೊಡ್ಡ ಗಾಲಿಗಡ್ಡಿ, ಸಪ್ಪಳಿಲ್ಲ,
ಡಾಂಬರಿನ ಮ್ಯಾಲೆ ನೆಳ್ಳು ಹ್ವಾದಂಗ.
ಚಾರ್ಜ್ ತೀರಿದ್ರ ಮಾತ್ರ ಪೆಡಲ್ ಕಲ್ಲಾಗತೈತಿ.
ಗಿಯರಿನದು ಸಣ್ಣದು, ಏರಿಗೆ ದಮ್ಮು ಹಿಡೀತೈತಿ,
ಕರೆಂಟ್ ಸತ್ತರ ತುಳದು ಮನಿ ಮುಟ್ಟಬಹುದು.
ಆದ್ರ ಒಳಗಿನ ನೈಲಾನ್ ಹಲ್ಲು ಗುಂಯ್ ಅಂತಾವು.
ಗಿರಾಕಿಗೆ ಯಾವತ್ತೂ ಸಪ್ಪಳಿಲ್ಲದ್ದ ಬೇಕು.

ಆಕಿ ಬುಟ್ಟಿಯ ಅರಿವಿ ಸರಿ ಮಾಡಿದ್ಲು, ಸರಿ ಇದ್ದದ್ದನ್ನ.
“ನಸಕಿನಾಗ ಕೂಗಾಕ ಬರೂದಿಲ್ಲ, ಕೂಸು ಏಳತಾವು.
ಬೆಲ್ ಹೊಡದ್ರ ಹಾಲಿನಾವ ಅಂತಾರ.
ಈ ಚೈನ್ ಕವರ್ ಸಡ್ಲ ಐತಿ ನೋಡು,
ಇದರ ಕಟಕಟಕ್ಕ ಬಾಗಲಾ ತಗೀತಾರ.
ಮಾಸ್ತರು ತಾಟ ಹಿಡಕೊಂಡ ನಿಂತಿರತಾರ.
ಸುಮ್ನ ಬಂದ್ರ, ಬಂದದ್ದು ಯಾರಿಗೆ ತಿಳೀಬೇಕು?”
ಆಮ್ಯಾಲೆ,
“ಗುಂಯ್ ಅನ್ನೂದ ಹಾಕು. ಮತ್ತ ಕವರ್ ಬಿಗೀಬ್ಯಾಡ.”

ಪಾರ್ಸೆಲ್ ಬಂತು ಒಂಬತ್ತು ದಿನಕ್ಕ.
ಬಿಚ್ಚಬಾರದು ಅಂತ ಚೀಟಿ ಹಚ್ಚಿದ್ರು. ಬಿಚ್ಚಿದೆ, ಚಟ.
ಮಶೀನು ಸುತ್ತಿದ ತಾಮ್ರ, ಕೂದಲೆಳಿ ತಪ್ಪಿಲ್ಲ,
ಆದ್ರ ಕಡೀ ದಾರದ ಗಂಟು ಕೈಯಿಂದು,
ಒಂದು ಸುತ್ತು ಹೆಚ್ಚಿಗಿ ಹಾಕಿದ್ರು ಯಾರೋ.
ನಾನೂ ಹಂಗ ಹಾಕತೀನಿ.
ಮುಚ್ಚಿ ಬಿಗದೆ.

ಮರುದಿನ ಹಾಸಗ್ಯಾಗ ಇದ್ದೆ.
ಕಪ್ಪತಗುಡ್ಡದ ಕಡಿಂದ ಗಾಳಿ,
ಅಲ್ಲಿ ಮ್ಯಾಲೆ ತಿರಗೂ ಪಂಕಾದ್ದೂ ತುಸು
ಆಕಿ ಬ್ಯಾಟರ್‍ಯಾಗ ಇರಬಹುದು.
ದೂರಿಂದ ಗುಂಯ್, ಗುಂಯ್ ಒಳಗ ಕಟಕಟ.
ನಾ ರೊಟ್ಟಿ ಹೇಳಿರಲಿಲ್ಲ.
ಎದ್ದು ಬಾಗಲಾ ತಗದೆ.