ಹೂಮಳೆಯ ಗೋಲು

ಮಂಗಳವಾರ ಒಂದು ಬಿಟ್ಟು ದಿನವೂ ಕಲಾಪ ನಡೆಯುತ್ತದೆ
ಸಿದ್ದಾಪುರದಲ್ಲಿ, ಸುರೇಂದ್ರನ್ ಕ್ಷೌರದಂಗಡಿಯಲ್ಲಿ.
ಎರಡು ಕುರ್ಚಿ, ಒಂದು ಬೆಂಚು, ಪಾದರಸ ಸುಲಿದ ಕನ್ನಡಿ.
ಒಳಗೆ ಬ್ರೆಜಿಲು, ಹೊರಗೆ ಕಟ್ಟೆಯ ಮೇಲೆ ಅರ್ಜೆಂಟೀನ.
ದೊಡ್ಡ ದೊಡ್ಡ ಹೆಸರುಗಳನ್ನೆಲ್ಲ ಬೋಳಿಸಿ ಮುಗಿಸಿದ ಮೇಲೆ
ಊರಿಗೆ ಇಳಿಯುತ್ತಾರೆ.

"ಅಲವಿಯಂಥವನು ಮತ್ತೆ ಹುಟ್ಟಲ್ಲ" ಅನ್ನುತ್ತಾನೆ
ಮರದಡ್ಡೆಯ ಫೆಲಿಕ್ಸ್.
"ಓವರ್‌ರೇಟೆಡ್ಡು" ಅನ್ನುತ್ತಾನೆ ಶಮೀರ್,
ಅಪ್ಪನಿಂದ ಸಾಲ ತಂದ ನೆನಪಿನ ಧೈರ್ಯದಲ್ಲಿ.
"ಎಡಗಾಲು ಬರೀ ಊರುಗೋಲು. ತಲೆಗೆ ಚೆಂಡು ತಾಗಿದರೆ
ಕ್ರಾಪು ಕೆಡುತ್ತದೆಂಬ ಭಯ. ಆಟಗಾರ ಅಂದರೆ ಸೆಲ್ವರಾಜು,
ಲೈನ್‌ಮನೆಯವನು ಅಂತ ಯಾರೂ ಹೆಸರು ಹೇಳಲಿಲ್ಲ, ಅಷ್ಟೆ."
"ಸೆಲ್ವರಾಜು ಸರಿ, ಆದರೆ ಮೊದಲರ್ಧಕ್ಕೆ;
ಎರಡನೆಯದಕ್ಕೆ ಅವನ ಉಸಿರು
ಪಾಲಿಬೆಟ್ಟದ ಬಸ್ಸು ಹತ್ತಿರುತ್ತಿತ್ತು."

ಕೊನೆಗೆ ಎರಡೂ ಕಡೆಯವರು ಒಪ್ಪುವ ಮಾತು ಒಂದೇ:
ಮುತ್ತ. ಬ್ಯಾಕು. ಬರಿಗಾಲಿನ, ಎರವರ ಮುತ್ತ.
ಫೈನಲ್ಲಿನಲ್ಲಿ ಕಾಲೆತ್ತಿ ಚೆಂಡಿಗೆ ದಾರಿ ಬಿಟ್ಟ ಮುತ್ತ.
"ಅವನದು ಮಾತ್ರ ಚರ್ಚೆಗೇ ಬೇಡ."

ನಾನು ಗೋಲಿಯಾಗಿದ್ದೆ.
ಹಾಕಿ ಕೋಲು ಹಿಡಿದೇ ಹುಟ್ಟುವ ಒಕ್ಕದಲ್ಲಿ
ಕೈಯಿಂದ ಚೆಂಡು ಹಿಡಿಯಲು ಹೋದವನು.
ಅಜ್ಜ ಸಾಯುವವರೆಗೂ ಕೇಳುತ್ತಿದ್ದರು,
"ಅದೂ ಒಂದು ಆಟವಾ ಅಪ್ಪಚ್ಚು, ಕೋಲಿಲ್ಲದೆ?"

ಎಂಬತ್ತಾರರ ಮಾರ್ಚಿ. ಮಾಲ್ದಾರೆ ರಸ್ತೆಯ ಮೈದಾನ.
ನಮ್ಮ ತೋಟ, ಅವರ ಪೇಟೆ.
ಸಿಲ್ವರ್ ಓಕಿನ ಎರಡು ಕಂಬ, ಅಡ್ಡಕ್ಕೆ ಬಿದಿರು,
ಬಲೆಗೆ ಕಾಫಿ ಕುಯ್ಲಿನ ಹರಿದ ಗೋಣಿ.
ಎಪ್ಪತ್ತು ನಿಮಿಷ, ಗೋಲಿಲ್ಲ.
ಆಗ ಬಿತ್ತು ಹನಿ.
ಕಾದು ಕಾದು ಆಸೆ ಬಿಟ್ಟಿದ್ದ ಹೂಮಳೆ.
ಅಪ್ಪ ಕುರ್ಚಿ ಬಿಟ್ಟೆದ್ದರು, ರೈಟರು ಟೋಪಿ ಎಸೆದ,
ರೋಬಸ್ಟಾ ಮೊಗ್ಗು ಎಣಿಸುತ್ತ ಅಷ್ಟೂ ಜನ
ಆಕಾಶಕ್ಕೆ ಮುಖ ಒಡ್ಡಿ ನಿಂತರು.
ರೆಫ್ರಿ ಕೂಡ. ಅವನಿಗೂ ಮೂರೆಕರೆ ಇತ್ತು.

ನೆಲ ನೋಡುತ್ತಿದ್ದವರು ಮೂರೇ ಜನ.

ಅಲವಿ ಒದೆಯಲಿಲ್ಲ. ಜಾರಿದ.
ಚೆಂಡು ಅವನ ಮೊಣಕಾಲಿಗೆ ಬಡಿದು
ತೂಕಡಿಸುವ ಎಮ್ಮೆಯ ಹಾಗೆ ನನ್ನ ಕಡೆ ಬಂತು.
ಮುತ್ತ ಕಾಲು ಬೀಸಿಯಾಗಿತ್ತು, ಇನ್ನೊಂದು ಗೇಣು,
"ಬಿಡು! ನಂದು!" ಅಂತ ಕೂಗಿದೆ.
ಬಿಟ್ಟ.
ತೋಟದ ಮನೆಯ ದನಿ ಬಿಡು ಅಂದರೆ ಬಿಡುವ ಕಾಲು ಅದು.
ಚೆಂಡು ನನ್ನೆರಡು ಕಾಲುಗಳ ನಡುವೆ
ಸಾವಧಾನವಾಗಿ ಹಾದು
ಗೋಣಿಯಲ್ಲಿ ಮಲಗಿತು.

ಆಕಾಶದಿಂದ ಇಳಿದ ಕಣ್ಣುಗಳು ಚೆಂಡನ್ನು ಬಲೆಯಲ್ಲಿ ಕಂಡವು,
ಉಳಿದದ್ದನ್ನು ತಾವೇ ತುಂಬಿಕೊಂಡವು.
ಇಪ್ಪತ್ತು ಗಜದಿಂದ ಹೊಡೆದ ಅಂದರು ಮೊದಲು.
ಅಲವಿ ದುಬೈಗೆ ಹೋದ ವರ್ಷ ಮೂವತ್ತಾಯಿತು.
ಅವನ ಮಯ್ಯತ್ತಿನ ದಿನ ನಲವತ್ತು,
ಅದೂ ಗಾಳಿಯಲ್ಲಿ ಬಾಗಿ.
ನಾನೂ ಗಜ ಕೂಡಿಸಿದವನೇ.
ಅಂಥ ಹೊಡೆತವನ್ನು ಯಾವ ಗೋಲಿ ತಾನೇ ಹಿಡಿದಾನು?

ಇವತ್ತು ಕೆನ್ನೆಗೆ ನೊರೆ ಬಳಿಸಿಕೊಂಡು ಕೂತಿದ್ದೆ.
ಕರಿಮೆಣಸಿನ ಏಣಿ ಹೆಗಲಲ್ಲಿ, ಬಾಗಿಲಾಚೆ ಮುತ್ತ,
ಬೀಡಿಗೆ ಬೆಂಕಿ ಕೇಳಲು ನಿಂತ.
ಶಮೀರ್ ಬಿಡಲಿಲ್ಲ:
"ಮುತ್ತಣ್ಣ, ಹತ್ತಿರ ಇದ್ದವನು ನೀನೇ.
ಅಲವಿಯ ಗೋಲು ನಿನ್ನ ಕಣ್ಣಿಗೆ ಹೇಗೆ ಕಂಡಿತು?"

ಕತ್ತಿ ನನ್ನ ಗಂಟಲ ಮೇಲಿತ್ತು. ತಿರುಗುವ ಹಾಗಿಲ್ಲ.
ಕನ್ನಡಿಯ ಸುಲಿಯದ ಮೂಲೆಯಲ್ಲಿ ಅವನ ಅರ್ಧ ಮುಖ.
ಬೀಡಿ ಹಚ್ಚಿದ. ಕಡ್ಡಿ ಆರಿಸಿದ, ಕಾಲಡಿ ಹಾಕಿ ಒರೆಸಿದ.
"ಮಳೆ ಜೋರಿತ್ತು" ಅಂದ.
"ನನಗೆ ಏನೂ ಕೇಳಿಸಲಿಲ್ಲ."

ಏಣಿ ಹೊರಳಿಸಿಕೊಂಡು ನಡೆದ.
"ಕಂಡದ್ದು ಕೇಳಿದರೆ ಕೇಳಿಸಿದ್ದು ಹೇಳ್ತಾನೆ!"
ಫೆಲಿಕ್ಸ್ ತೊಡೆ ತಟ್ಟಿ ನಕ್ಕ, ಕಟ್ಟೆಯೂ ನಕ್ಕಿತು.

"ಅಲುಗಬೇಡಿ ಸಾರ್" ಅಂದ ಸುರೇಂದ್ರನ್.